ಅಣ್ಣನ ಮೂಗು, ನನ್ನ ಮೀಟರು

ನಮ್ಮಪ್ಪನಿಗೆ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಪುಡಿಯಾಗುತ್ತಿತ್ತು. ರೇಡಿಯೋ ಸಿಕ್ಕರೆ ರೇಡಿಯೋ, ಟಾರ್ಚ್ ಸಿಕ್ಕರೆ ಟಾರ್ಚ್, ಏನೂ ಸಿಗದಿದ್ದರೆ ನಾನು, ಅಣ್ಣ, ಅವ್ವ. ಪಿರಿಯಾಪಟ್ಟಣದ ಸಂತೆಯಿಂದ ತಾನೇ ಆಸೆಪಟ್ಟು ತಂದಿದ್ದ ರೇಡಿಯೋವನ್ನು ಒಂದು ದಿನ ಬಾಗಿಲಿಂದ ಅಂಗಳಕ್ಕೆ ಬೀಸಿ ಒಗೆದ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಇವತ್ತು ಮಳೆ ಇಲ್ಲ ಅಂತ ರೇಡಿಯೋ ಹೇಳಿತ್ತು, ಅಪ್ಪ ಅಂಗಳದ ತುಂಬ ಹುರುಳಿ ಹರಡಿದ್ದ, ಮಧ್ಯಾಹ್ನಕ್ಕೆ ಧೋ ಅಂತ ಸುರೀತು. ರೇಡಿಯೋದ ಹೊಟ್ಟೆಯೆಲ್ಲ ಹೊರಗೆ ಬಂದು ಕೆಸರಲ್ಲಿ ಬಿದ್ದಿತ್ತು. ನಾನು ಚೂರು ಚೂರೂ ಆಯ್ದು, ತೊಳೆದು, ಒಣಗಿಸಿ, ತಂತಿಗಳನ್ನು ಕಾಯಿಸಿ ಅಂಟಿಸಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ನಿಲ್ಲಿಸಿದೆ. ಎಂಟು ದಿನಕ್ಕೆ ಅದು ಗೊರಗೊರ ಅಂತ ಮಾತಾಡಿತು. ಸಾಮಾನಿನ ಹುಚ್ಚು ನನಗೆ ಹಿಡಿದದ್ದು ಅವತ್ತೇ.

ಹಳೇ ಸಾಮಾನಿಗೆ ಒಂದು ಗುಣ ಇತ್ತು ಕಣ್ರೀ, ಹೊಡೆದರೆ ಸರಿಯಾಗುತ್ತಿತ್ತು. ನಮ್ಮ ಮೊದಲನೇ ಟೀವಿಯಲ್ಲಿ ಚಿತ್ರ ಓಡೋಕೆ ಶುರುವಾದರೆ ಅಪ್ಪ ಎದ್ದು ಹೋಗಿ ಅದರ ತಲೆಗೆ ಪಟಾರ್ ಅಂತ ಒಂದು ಬಿಡುತ್ತಿದ್ದ. ಚಿತ್ರ ತೆಪ್ಪಗೆ ನಿಲ್ಲುತ್ತಿತ್ತು. ಪಂಪಿನ ಸ್ಟಾರ್ಟರಿಗೂ ಅದೇ ಮದ್ದು, ಟಾರ್ಚಿಗೂ ಅದೇ. ನಮ್ಮನೇಲಿ ಎಲ್ಲರೂ ಕಲಿತದ್ದು ಅದನ್ನೇ. ಮಾತು ಕೇಳದ್ದಕ್ಕೆ ಏಟು ಕೊಡು, ಕೇಳುತ್ತದೆ. ಈಗಿನ ಫೋನಿಗೆ ಹಂಗೆ ಹೊಡೆದು ನೋಡಿ, ಗಾಜು ಜೇಡರ ಬಲೆ ಆಗಿ ಕೈಗೆ ಬರುತ್ತದೆ. ಹೊಸ ಸಾಮಾನು ಮುಟ್ಟಿದರೆ ಸಾಕು ಅನ್ನುತ್ತದೆ, ಅದಕ್ಕೇ ನನಗೆ ಅದರ ಮೇಲೆ ಪ್ರಾಣ. ನಾನು ಅಪ್ಪನ ಥರ ಆಗಲ್ಲ, ಒಡೆಯೋನಲ್ಲ, ರಿಪೇರಿ ಮಾಡೋನು ಅಂತ ಎದೆ ತಟ್ಟಿಕೊಂಡು ಹೇಳಿಕೊಂಡು ಬಂದವನು ನಾನು.

ನನ್ನ ಹುಚ್ಚು ಕಡಿಮೆಯದಲ್ಲ. ಬಸ್ಸಲ್ಲಿ ಕೂತುಕೊಂಡೇ ಹೊಲದ ಪಂಪು ಶುರು ಮಾಡುವ ಡಬ್ಬ ನಮ್ಮೂರಲ್ಲಿ ಮೊದಲು ತಂದದ್ದು ನಾನು. ಬಿಸಿಲಲ್ಲಿ ಚಾರ್ಜ್ ಆಗುವ ಟಾರ್ಚು ಮೂರಿವೆ, ತೂಕ ಬಾಯಿಬಿಟ್ಟು ಹೇಳುವ ತಕ್ಕಡಿ ಇದೆ. ಹಳೇ ಫೋನುಗಳನ್ನು ಎಸೆಯಲ್ಲ. ಒಂದು ಕೊಟ್ಟಿಗೆಯಲ್ಲಿ ಹಸು ಕಾಯುತ್ತದೆ, ಇನ್ನೊಂದು ಕ್ಯಾಮರಾ ಆಗಿ ಬ್ಯಾರನ್ನಿನ ಎದುರಿನ ಹಲಸಿನ ಮರಕ್ಕೆ ಜೋತುಬಿದ್ದಿತ್ತು. ಅದರ ಮೈಕು ಕೆಟ್ಟು ದನಿ ಬರುತ್ತಿರಲಿಲ್ಲ, ಚಿತ್ರ ಮಾತ್ರ ಬರುತ್ತಿತ್ತು.

ಬ್ಯಾರನ್ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೀನಿ. ನಮ್ಮ ಪಿರಿಯಾಪಟ್ಟಣ, ಹುಣಸೂರಿನ ಕಡೆ ಹೊಗೆಸೊಪ್ಪು ಹದ ಮಾಡುವ ಮನೆ ಅದು. ಎರಡಾಳೆತ್ತರದ ಗೋಡೆ, ಮೇಲೆ ಹೆಂಚು, ಒಳಗೆ ಸಾಲು ಸಾಲಾಗಿ ಅಡ್ಡಕ್ಕೆ ಕಟ್ಟಿದ ಬಿದಿರಿನ ಗಳ. ಹಸಿ ಸೊಪ್ಪನ್ನು ಕೋಲುಗಳಿಗೆ ಕಟ್ಟಿ ಆ ಗಳಗಳ ಮೇಲೆ ನೇತು ಹಾಕಿ ಬಾಗಿಲು ಮುಚ್ಚುತ್ತೀವಿ. ಹೊರಗಡೆ ಒಲೆಬಾಯಿ. ಅಲ್ಲಿ ಸೌದೆ ಉರಿಸಿದರೆ ಬಿಸಿ ತಗಡಿನ ಪೈಪಿನಲ್ಲಿ ಒಳಗೆಲ್ಲ ಸುತ್ತುತ್ತದೆ. ಐದಾರು ದಿನದ ಕೆಲಸ. ಮೊದಲು ತೊಂಬತ್ತೈದು ನೂರು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನೂರ ಅರವತ್ತರ ತನಕ ಏರಿಸಿ ಎಲೆಯ ನಡುವಿನ ದಂಟು ಮುರಿಯುವ ಹಂಗೆ ಮಾಡಬೇಕು. ಆ ಕೊನೇ ದಿನ ಒಂದೇ ಒಂದು ಎಲೆ ಕಳಚಿ ಕಾದ ಪೈಪಿನ ಮೇಲೆ ಬಿದ್ದರೆ ಬ್ಯಾರನ್ನೇ ಹೋಯಿತು ಅನ್ನಿ.

ನಮ್ಮ ಬ್ಯಾರನ್ನಿನ ಬೆಂಕಿ ಅಣ್ಣನ ಕೈಯಲ್ಲಿತ್ತು. ನನಗಿಂತ ಆರು ವರ್ಷಕ್ಕೆ ದೊಡ್ಡವನು. ಅಪ್ಪ ನನಗೆ ಅಂತ ಎತ್ತಿದ ಕೈಯಲ್ಲಿ ಅರ್ಧ ಏಟುಗಳು ಅವನ ಬೆನ್ನಿಗೇ ಬಿದ್ದಿವೆ. ಬ್ಯಾರನ್ನಿನ ಗೋಡೆಗೆ ಅಂಗೈ ಒತ್ತಿ ಇಷ್ಟು ಡಿಗ್ರಿ ಅನ್ನುತ್ತಿದ್ದ, ಕಿಟಕಿಯ ಗಾಜಿನಿಂದ ಒಳಗಿನ ಥರ್ಮಾಮೀಟರ್ ನೋಡಿದರೆ ಅಷ್ಟೇ ಇರುತ್ತಿತ್ತು. ಬಾಗಿಲ ಸಂದಿಯಲ್ಲಿ ಮೂಸಿ, ಮೇಲಿನ ಸಾಲು ಇನ್ನೂ ಹಸಿ ಅದೆ ಅನ್ನುತ್ತಿದ್ದ. ಸುತ್ತ ಹತ್ತು ಬ್ಯಾರನ್ನಿನವರು ಬಂದು, ಒಂದು ಸಾರಿ ಮೂಸಿ ಹೋಗಣ್ಣೋ ಅಂತ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಅಣ್ಣನಿಗೆ ಇದ್ದ ಆಸ್ತಿ ಅಂದರೆ ಆ ಹೆಸರು.

ಆ ಮೂಗಿನ ಮೇಲೆ ನನಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ? ನನ್ನ ಡಬ್ಬಗಳನ್ನೆಲ್ಲ ಊರು ನೋಡಿ ಓಹೋ ಅಂದು ಮರೀತಿತ್ತು, ಅವನ ಮೂಗನ್ನು ಮಾತ್ರ ಗಾಡಿ ಹತ್ತಿಸಿಕೊಂಡು ಹೋಗುತ್ತಿತ್ತು. ಹೋದ ವರ್ಷ ಮೈಸೂರಿನಿಂದ ಒಂದು ಮೀಟರು ತಂದೆ. ಉದ್ದ ತಂತಿಯ ತುದಿಯಲ್ಲಿ ಬೆರಳುದ್ದದ ಸ್ಟೀಲ್ ಕಡ್ಡಿ. ಕಡ್ಡಿ ಬ್ಯಾರನ್ನಿನ ಒಳಗೆ, ಡಬ್ಬ ಹೊರಗೋಡೆಯಲ್ಲಿ, ಡಿಗ್ರಿ ನನ್ನ ಫೋನಿನಲ್ಲಿ. ನಾನು ಎಲ್ಲಿದ್ದರೂ ಕಾಣುತ್ತದೆ. ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ಕೆ ಮೂಸಕ್ಕೆ ಬತ್ತದಾ?" ಅಂದ. ಪಕ್ಕದಲ್ಲಿದ್ದವರು ಗೊಳ್ ಅಂದರು.

ನನಗೆ ಮೈಯೆಲ್ಲ ಉರಿದು ಹೋಯಿತು. ಒಳಗೆ ಹೋಗಿ, ಕಿಟಕಿಯ ಹಿಂದೆ ನೇತಾಡುತ್ತಿದ್ದ ಆ ಗಾಜಿನ ಥರ್ಮಾಮೀಟರನ್ನು ಕಿತ್ತು ತಂದು ಚಪ್ಪಡಿ ಕಲ್ಲಿನ ಮೇಲೆ ಅಪ್ಪಳಿಸಿದೆ. ಚಿಮ್ಮಿದ ಚೂರು ಅಣ್ಣನ ಕಾಲಿಗೆ ತಾಗಿ ರಕ್ತ ಬಂತು. "ಇನ್ಮೇಲೆ ಇದೇ. ನೋಡೋದಾದ್ರೆ ನೋಡು, ಇಲ್ದಿದ್ರೆ ಬುಡು," ಅಂದೆ. ಅವನು ಕೂತು ಚೂರುಗಳನ್ನು ಒಂದೊಂದೇ ಆರಿಸಿದ, ನಾವು ಬರಿಗಾಲಲ್ಲಿ ಓಡಾಡುವ ಜಾಗ ಅದು. ರಿಪೇರಿ ಮಾಡೋನು ನಾನು ಅಂತ ಹೇಳಿಕೊಂಡಿದ್ದೆನಲ್ಲ, ಅವತ್ತು ಆ ಮಾತು ನನಗೆ ನೆನಪೇ ಬರಲಿಲ್ಲ.

ಈಗ ನನ್ನ ಬುದ್ಧಿವಂತಿಕೆ ಕೇಳಿ. ಆ ಕಡ್ಡಿಯ ಬುಡದ ಪ್ಲಾಸ್ಟಿಕ್ಕು ಅಷ್ಟು ಬಿಸಿಗೆ ಕರಗಿ ಹೋದರೆ ಅಂತ ನನಗೆ ಹೆದರಿಕೆ. ಅದಕ್ಕೆ ಕಡ್ಡಿಗೆ ಹಳೇ ಪಂಚೆಯ ತುಂಡು ಸುತ್ತಿ, ಬಟ್ಟೆಯ ಇನ್ನೊಂದು ತುದಿಯನ್ನು ನೀರು ತುಂಬಿದ ಎಣ್ಣೆ ಡಬ್ಬಕ್ಕೆ ಇಳಿಬಿಟ್ಟೆ. ಬಟ್ಟೆ ನೀರು ಹೀರುತ್ತಾ ಇರುತ್ತದೆ, ಐದು ದಿನವೂ ಒದ್ದೆ ಇರುತ್ತದೆ, ಸುಡಲ್ಲ. ಅಣ್ಣ ಬಾಗಿಲಲ್ಲಿ ನಿಂತು ನೋಡಿ, "ಅದ್ಕೇನ್ಲಾ ಜರ ಬಂದದಾ, ಒದ್ದೆ ಬಟ್ಟೆ ಹಾಕಿದ್ದೀಯ?" ಅಂದ. ತಮಾಷೆಗೆ ಅಂದದ್ದು. ಅದರಲ್ಲೇ ಎಲ್ಲಾ ಇತ್ತು, ನನ್ನ ಮಂಡೆಗೆ ಹೋಗಲಿಲ್ಲ.

ಮೊದಲೆರಡು ದಿನ ಮೀಟರು ಅಣ್ಣನ ಅಂಗೈ ಹೇಳಿದಷ್ಟೇ ಹೇಳಿತು. ಊರೆಲ್ಲ ಫೋನು ತೋರಿಸಿಕೊಂಡು ಬಂದೆ. ಮೂರನೇ ದಿನ ಇಬ್ಬರಿಗೂ ಹೊಂದಲಿಲ್ಲ. ಅಣ್ಣ ಸಾಕು ಅನ್ನುತ್ತಾನೆ, ಮೀಟರು ಸಾಲದು ಅನ್ನುತ್ತದೆ. ನಾಲ್ಕನೇ ದಿನ ಜಗಳವೇ ಆಯಿತು. ಅತ್ತಿಗೆ ಇದ್ದಿದ್ದರೆ ಮಧ್ಯೆ ಬರುತ್ತಿದ್ದರೋ ಏನೋ. ಅವರು ತವರಿನ ಕಡೆ ಗೃಹಪ್ರವೇಶ ಅಂತ ಭೇರ್ಯಕ್ಕೆ ಹೋಗಿದ್ದರು.

ಐದನೇ ದಿನ ಬೆಳಿಗ್ಗೆ ನಾನು ಹುಣಸೂರಿಗೆ ಹೋದೆ. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನು ಹಾರಿಸಿ ತೋರಿಸುತ್ತಾರೆ ಅಂತ ಸುದ್ದಿ. ಅದು ಗುಂಯ್ ಅಂತ ಎದ್ದು ರೆಕ್ಕೆಯಡಿಯಿಂದ ಮಂಜಿನ ಹಾಗೆ ಸಿಂಪಡಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದೆ. ಫೋನು ತೆಗೆದು ಡಿಗ್ರಿ ನೋಡಿದರೆ ನೂರ ಹನ್ನೆರಡು. ನೂರ ಅರವತ್ತು ಇರಬೇಕಾದ ದಿನ ನೂರ ಹನ್ನೆರಡು! ತಕ್ಷಣ ಅಣ್ಣನಿಗೆ ಫೋನ್ ಹಚ್ಚಿದೆ.

"ಸೌದೆ ಹಾಕಿಲ್ವಾ?"

"ಹಾಕಿವ್ನಿ ಕಣ್ಲಾ. ಗೋಡೆ ಮುಟ್ಟಕ್ಕಾಯ್ತಿಲ್ಲ. ವಾಸ್ನೆ ಯಾಕೋ ಸರಿ ಇಲ್ಲ, ಬೆಂಕಿ ಹೊರಕ್ಕೆ ಎಳೀತೀನಿ."

"ಎಳೆದೀಯ ಮತ್ತೆ! ಇಲ್ಲಿ ನೂರ ಹನ್ನೆರಡು ತೋರಿಸ್ತಾದೆ. ಇನ್ನೂ ಹಾಕು."

"ಬ್ಯಾಡ ಕಣ್ಲಾ, ನನ್ ಮಾತು ಕೇಳು..."

ಆಗ ನನ್ನ ಬಾಯಿಂದ ಬಂದದ್ದು ನನ್ನ ಮಾತಲ್ಲ, ಅಪ್ಪನದು. "ಲೇ, ಅಪ್ಪನಿಗೆ ಹುಟ್ಟಿದ್ರೆ ಸೌದೆ ಹಾಕ್ಲಾ. ಕೈಲಾಗ್ದಿದ್ರೆ ಬಳೆ ತೊಟ್ಕೊಂಡು ಒಳಗೆ ಕೂತ್ಕೊ." ಒಡಹುಟ್ಟಿದ ಅಣ್ಣನಿಗೆ ಲಾ ಅಂದೆ, ಲೇ ಅಂದೆ. ಡ್ರೋನು ನೋಡುತ್ತಿದ್ದವರೆಲ್ಲ ತಿರುಗಿ ನನ್ನ ಮುಖ ನೋಡಿದರು. ಅಣ್ಣ, "ಆಯ್ತು ಬುಡು, ಹಾಕ್ತೀನಿ," ಅಂದ.

ಮಧ್ಯಾಹ್ನ ಒಂದು ಗಂಟೆಗೆ ಬೈಕಿನಲ್ಲಿ ಊರ ತಿರುವಿಗೆ ಬಂದಾಗ ಹೊಗೆ ಕಂಡಿತು. ಕಪ್ಪು ಹೊಗೆ, ನಮ್ಮ ಬ್ಯಾರನ್ನಿನ ಮೇಲೆಯೇ. ಹತ್ತಿರ ಹೋದ ಹಾಗೆ ಹೆಂಚುಗಳು ಪಟಪಟ ಸಿಡಿಯುವ ಸದ್ದು. ಅಣ್ಣ ಗೋಡೆ ಕಡೆಯಿಂದ ಓಡಿ ಬರುತ್ತಿದ್ದ, ತಲೆಕೂದಲು ಸುಟ್ಟು ಮೈಯೆಲ್ಲ ಮಸಿ. ನನ್ನ ಮಂಡೆಗೆ ಹೊಳೆದದ್ದು ಒಂದೇ. ಇವನು ಮಲಗಿದ್ದಾನೆ, ಸೌದೆ ತುಂಬಿ ಮಲಗಿಬಿಟ್ಟಿದ್ದಾನೆ. ಕೆಳಗೆ ಬಿದ್ದಿದ್ದ ಸೊಪ್ಪು ಕಟ್ಟುವ ಕೋಲು ಎತ್ತಿಕೊಂಡೆ. ಮೊದಲನೆಯದು ಭುಜಕ್ಕೆ. ಎರಡನೆಯದು ಮೊಣಕೈಗೆ. ಅವನು ತಡೆಯಲಿಲ್ಲ, ಬಯ್ಯಲಿಲ್ಲ, "ತಡಿಯೋ, ತಡಿಯೋ," ಅಷ್ಟೇ. ಮೂರನೆಯದು ಅವನು ಬಗ್ಗಿದಾಗ ಮುಖಕ್ಕೆ ಬಿತ್ತು. ಕೋಲಿನ ಸೀಳಿದ ತುದಿ ಎಡಗಣ್ಣಿಗೆ ಹೋಯಿತು. ಅಂಥಾ ಕೂಗು ನಾನು ಯಾವ ಪ್ರಾಣಿಯ ಬಾಯಲ್ಲೂ ಕೇಳಿಲ್ಲ.

ಅಕ್ಕಪಕ್ಕದ ಹೊಲದವರು ಕೊಡ ಹಿಡಿದು ಓಡಿ ಬಂದಾಗ ಅವನು ನೆಲದ ಮೇಲಿದ್ದ, ಬೆರಳ ಸಂದಿಯಿಂದ ರಕ್ತ ಇಳೀತಿತ್ತು. ಕೋಲು ನನ್ನ ಕೈಯಿಂದ ಯಾವಾಗ ಜಾರಿತ್ತೋ. ಏನಾಯ್ತು ಏನಾಯ್ತು ಅಂದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಹೆಂಚು ಸಿಡೀತು ಕಣಪ್ಪ, ಹೆಂಚು," ಅಂದ. ಎಲ್ಲರೂ ನನ್ನ ಕಡೆ ತಿರುಗಿದರು. ಹೂಂ ಅಂದು ಸುಮ್ಮನಿದ್ದರೂ ಆಗುತ್ತಿತ್ತು. ನನ್ನಂಥ ಪಾಪಿ ಸುಮ್ಮನಿರುತ್ತಾನಾ? "ಮಲಗ್ಬುಟ್ಟಿದ್ದ, ಅದಕ್ಕೇ ಇಂಗಾಯ್ತು," ಅಂದೆ.

ಪಿರಿಯಾಪಟ್ಟಣದ ಆಸ್ಪತ್ರೆಯವರು ಮುಟ್ಟದೆ ಮೈಸೂರಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ಹತ್ತು ದಿನ ಕಾಯಿರಿ, ಕಣ್ಣು ಉಳಿಯುತ್ತದೋ ಇಲ್ಲವೋ ಆಮೇಲೆ ಹೇಳುತ್ತೀವಿ ಅಂದರು. ಅವರಿಗೂ ಅಣ್ಣ ಹೆಂಚಿನ ಕತೆಯನ್ನೇ ಹೇಳಿದ. ಪೊಲೀಸಿನವರು ಬಂದು ಬರೆದುಕೊಂಡಾಗಲೂ ಹೆಂಚೇ. ಭೇರ್ಯದಿಂದ ನೇರವಾಗಿ ಬಂದ ಅತ್ತಿಗೆ ಮಂಚದ ಕಾಲು ಹಿಡಿದುಕೊಂಡು ಕೂತುಬಿಟ್ಟರು.

ಮಾರನೇ ದಿನ ಊರಿಗೆ ಬಂದು ಹಲಸಿನ ಮರದ ಫೋನು ಇಳಿಸಿಕೊಂಡೆ. ಅಣ್ಣ ಮಲಗಿದ್ದಕ್ಕೆ ಸಾಕ್ಷಿ ಸಿಗಲಿ ಅಂತಲೇ ಇಳಿಸಿಕೊಂಡದ್ದು, ದೇವರಾಣೆಗೂ. ಯಾರಾದರೂ ನನ್ನ ಕೇಳಿದರೆ ತೋರಿಸಬೇಕಲ್ಲ.

ದನಿ ಇಲ್ಲದ ಚಿತ್ರ. ಅಣ್ಣ ಒಲೆಬಾಯಿ ಮುಂದೆ ನಿಂತಿದ್ದಾನೆ, ಕಿವಿಗೆ ಫೋನು. ಬೇಡ ಬೇಡ ಅಂತ ತಲೆ ಆಡಿಸುತ್ತಾನೆ. ಫೋನು ಜೇಬಿಗಿಟ್ಟು ತುಂಬಾ ಹೊತ್ತು ನೆಲ ನೋಡುತ್ತಾನೆ. ಗೋಡೆ ಮುಟ್ಟಿ ಕೈ ಎಳೆದುಕೊಳ್ಳುತ್ತಾನೆ. ಬಾಗಿಲ ಸಂದಿಗೆ ಮೂಗು ಹಿಡಿಯುತ್ತಾನೆ. ಆಮೇಲೆ ಸೌದೆ ಹಾಕುತ್ತಾನೆ, ಒಂದೊಂದು ತುಂಡಿಗೂ ನಿಲ್ಲುತ್ತಾ. ಕೂರಲೇ ಇಲ್ಲ ಅವನು, ಮಲಗುವ ಮಾತೆಲ್ಲಿಂದ ಬಂತು? ಹೊಗೆ ಎದ್ದ ಮೇಲೆ ಒಲೆಯ ಬೆಂಕಿ ಬರಿಗೈಯಲ್ಲಿ ಎಳೆದ. ಹೆಂಚು ಸಿಡಿಯುವಾಗ ದೂರ ಓಡಬೇಕಾದವನು ಗೋಡೆ ಕಡೆಗೇ ಓಡಿದ. ಗೋಡೆಯಿಂದ ನನ್ನ ಮೀಟರಿನ ಡಬ್ಬ ಕಿತ್ತುಕೊಂಡು ಬಂದ. ತಮ್ಮನ ಸಾಮಾನು ಅಲ್ಲವಾ. ಅಷ್ಟರಲ್ಲಿ ಚಿತ್ರದೊಳಗೆ ಒಬ್ಬ ಬಂದ. ಕೋಲು ಎತ್ತಿದ. ಆ ಬೆನ್ನು, ಆ ತೋಳು ಬೀಸುವ ರೀತಿ ನೋಡಿ ಒಂದು ಗಳಿಗೆ, ಅಪ್ಪ ಯಾಕೆ ಇಲ್ಲಿಗೆ ಬಂದ ಅಂದುಕೊಂಡೆ. ಅಪ್ಪ ಸತ್ತು ಒಂಬತ್ತು ವರ್ಷ ಆಗಿತ್ತು. ಎರಡನೇ ಏಟಿಗೆ ಅಣ್ಣನ ಕೈಯಿಂದ ಡಬ್ಬ ಬಿತ್ತು.

ತಪ್ಪು ಎಲ್ಲಿ ಅಂತ ತಿಳಿಯಲು ಆಮೇಲೆ ಐದು ನಿಮಿಷವೂ ಬೇಕಾಗಲಿಲ್ಲ. ಒದ್ದೆ ಬಟ್ಟೆ ಸುತ್ತಿಕೊಂಡಿದ್ದ ಕಡ್ಡಿ ಬ್ಯಾರನ್ನಿನ ಬಿಸಿಯನ್ನು ಹೇಳುತ್ತಿರಲಿಲ್ಲ, ತನ್ನ ತಂಪನ್ನು ಹೇಳುತ್ತಿತ್ತು. ಒಳಗೆಲ್ಲ ಹಸಿ ಆವಿ ತುಂಬಿದ್ದ ಮೊದಲೆರಡು ದಿನ ಬಟ್ಟೆಯ ನೀರು ಆರದೆ ಎರಡೂ ಒಂದೇ ಇದ್ದವು. ಸೊಪ್ಪು ಒಣಗಿದ ಹಾಗೆ ಬಟ್ಟೆಯ ನೀರು ಆರುತ್ತಾ ಕಡ್ಡಿಯನ್ನು ತಣ್ಣಗೆ ಇಟ್ಟಿತು. ಮಡಕೆ ನೀರು ಬೇಸಿಗೆಯಲ್ಲಿ ತಣ್ಣಗಿರುವುದು ಅವ್ವನಿಗೂ ಗೊತ್ತಿತ್ತು. ಮೀಟರು ಸುಳ್ಳು ಹೇಳಲಿಲ್ಲ, ನಾನು ಏನು ಕೇಳಿದೆನೋ ಅದನ್ನು ಹೇಳಿತು.

ಇದನ್ನು ನಾನು ಒಂಬತ್ತು ದಿನ ಹೊಟ್ಟೆಯಲ್ಲಿಟ್ಟುಕೊಂಡೆ. ಅಳಿಸುವ ಗುಂಡಿಯ ಮೇಲೆ ಎಷ್ಟು ಸಾರಿ ಬೆರಳಿಟ್ಟೆನೋ. ಅಳಿಸಿದ್ದರೆ ಲೋಕಕ್ಕೆ ಗೊತ್ತಾಗುತ್ತಲೇ ಇರಲಿಲ್ಲ. ಅಷ್ಟರಲ್ಲಿ ಊರು ಅಣ್ಣನ ಹೆಸರನ್ನು ತಿಂದು ಮುಗಿಸಿತ್ತು. ಮಲಗಿ ಬ್ಯಾರನ್ ಸುಟ್ಟೋನು ಅಂತ ಹೋಟೆಲಿನಲ್ಲಿ ನಗುತ್ತಿದ್ದರು. ನನ್ನ ಕಿವಿಗೇ ಬಿತ್ತು, ಟೀ ಕುಡಿದು ಎದ್ದು ಬಂದೆ.

ಹತ್ತನೇ ದಿನ ಡಾಕ್ಟರು ಎಡಗಣ್ಣು ಹೋಯಿತು ಅಂದರು. ಅಣ್ಣನನ್ನು ಮನೆಗೆ ಕರೆತಂದೆವು. ಜಗುಲಿ ಮೇಲೆ ಕೂರಿಸಿದ್ದೇ ತಡ, ಅಷ್ಟು ದಿನ ತಡೆದುಕೊಂಡಿದ್ದ ಅತ್ತಿಗೆ ಅವನ ಮೇಲೆ ಹರಿಹಾಯ್ದರು. "ಹಾಳು ನಿದ್ದೆ! ಅದ್ಯಾವ ನಿದ್ದೆ ಬಂದಿತ್ತು ನಿಂಗೆ? ಕಣ್ಣೂ ಕಳ್ಕಂಡೆ, ಮಾನಾನೂ ಕಳ್ಕಂಡೆ. ಯಾವ ಮುಖ ಇಟ್ಕಂಡು ಊರೊಳಗೆ ತಿರುಗ್ಲಿ?" ಅಂತ ತಮ್ಮ ತಲೆಯನ್ನೇ ಕಂಬಕ್ಕೆ ಬಡಿದುಕೊಂಡರು. ಅಣ್ಣ ಪಟ್ಟಿ ಕಟ್ಟಿದ ಮುಖ ಕೆಳಗೆ ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ. "ಆಯ್ತು ಬುಡು, ನಂದೇ ತಪ್ಪು," ಅಂದ.

ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಫೋನು ತೆಗೆದು ಅತ್ತಿಗೆಯ ಕೈಗಿಟ್ಟೆ. "ಅತ್ತಿಗೆ, ಇದನ್ನ ನೋಡಿ."

"ಬ್ಯಾಡ್ಲಾ," ಅಂದ ಅಣ್ಣ. ಏನಿದೆ ಅಂತ ಅವನಿಗೆ ಗೊತ್ತಿತ್ತು.

ಅವರು ನಿಂತೇ ನೋಡಿದರು, ಮೊದಲಿಂದ ಕೊನೆಯವರೆಗೆ. ಮುಗಿದ ಮೇಲೆ ಫೋನನ್ನು ಒರಳುಕಲ್ಲಿಗೆ ಬೀಸಿ ಹೊಡೆದರು. ಚೂರಾಯಿತು. ಒಡೆದ ಸಾಮಾನು ಕಂಡು ಹೊಟ್ಟೆ ಉರಿಯದೆ ಇದ್ದದ್ದು ನನ್ನ ಜೀವನದಲ್ಲಿ ಅದೊಂದೇ ಸಾರಿ. ಆಮೇಲೆ ನನ್ನ ಕಡೆ ಬಂದರು. ಕೆನ್ನೆಗೆ, ತಲೆಗೆ, ಎದೆಗೆ, ಎರಡೂ ಕೈಯಲ್ಲಿ, ಅವರ ಬಳೆ ಒಡೆದು ನನ್ನ ಕತ್ತಿಗೆ ಗೀರುವ ತನಕ. ನಾನು ಕೈ ಮೇಲೆತ್ತಲಿಲ್ಲ. "ನಿನ್ನ ಸಾಕಿದ್ನಲ್ಲೋ! ಈ ಕೈಯಾರೆ ಮುದ್ದೆ ಇಕ್ಕಿ ಸಾಕಿದ್ನಲ್ಲೋ!" ಅನ್ನುತ್ತಿದ್ದರು. ಸಾಕಾಗಿ ಕೂತರು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮಲಗಿದ್ದ ಅಂತ ಎಲ್ಲೆಲ್ಲಿ ಹೇಳಿದ್ಯೋ, ಅಲ್ಲೆಲ್ಲ ಹೋಗಿ ಬಾಯಿ ಬುಟ್ಟು ಹೇಳ್ಬಾ. ಇವತ್ತೇ," ಅಂದರು.

ಹೋದೆ. ತೋರಿಸುವುದಕ್ಕೆ ಏನೂ ಇರಲಿಲ್ಲ, ಬಾಯಿಂದಲೇ ಹೇಳಬೇಕಿತ್ತು. ಹೋಟೆಲಿನಲ್ಲಿ ಹೇಳಿದೆ, ಹಾಲಿನ ಡೈರಿ ಮುಂದೆ ಹೇಳಿದೆ, ಅವನನ್ನು ಗಾಡಿ ಮೇಲೆ ಕರೆದುಕೊಂಡು ಹೋಗುತ್ತಿದ್ದ ಹತ್ತು ಬ್ಯಾರನ್ನಿನ ಮುಂದೆಯೂ ನಿಂತು ಹೇಳಿದೆ. ಅಣ್ಣ ಮಲಗಿರಲಿಲ್ಲ, ಬೇಡ ಅಂದ, ಹಾಕು ಅಂದವನು ನಾನು, ಕಣ್ಣಿಗೆ ಬಿದ್ದದ್ದು ಹೆಂಚಲ್ಲ, ನನ್ನ ಕೋಲು. ಕೆಲವರು ಥೂ ಅಂದರು. ಒಬ್ಬ ಹಿರಿಯರು ಚಪ್ಪಲಿ ತೆಗೆದುಕೊಂಡು ಎದ್ದರು, ಯಾರೋ ಹಿಡಿದರು. ಪೊಲೀಸಿಗೂ ಹೇಳುತ್ತೀನಿ ಅಂತ ಹೊರಟವನನ್ನು ಅಣ್ಣನೇ ಅಂಗಿ ಹಿಡಿದು ಎಳೆದ. "ಇಬ್ರಲ್ಲಿ ಒಬ್ನಾರಾ ದುಡೀಬೇಕಲ್ವಾ, ಮುಚ್ಕಂಡು ಕೂತ್ಕೊ," ಅಂದ.

ಈ ಸಲ ಬ್ಯಾರನ್ನಿಗೆ ಹೊಸ ಗಳ, ಹೊಸ ಹೆಂಚು. ಕಿಟಕಿಯ ಹಿಂದೆ ಹೊಸ ಗಾಜಿನ ಥರ್ಮಾಮೀಟರ್. ಬೇರೆಯವರು ಮತ್ತೆ ಅಣ್ಣನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ, ಮೂಗು ಇನ್ನೂ ಚೆನ್ನಾಗಿದೆ. ಒಂದೇ ಕಣ್ಣಲ್ಲಿ ಸಣ್ಣ ಗೆರೆ ಮಾತ್ರ ಅವನಿಗೆ ಕಾಣಲ್ಲ, ಅದಕ್ಕೆ ನನ್ನನ್ನು ಕರೆಯುತ್ತಾನೆ. ನಗುತ್ತಾನೆ, ಬಯ್ಯುತ್ತಾನೆ, ಬೀಡಿ ಕೇಳುತ್ತಾನೆ. ಎಲ್ಲಾ ಸರಿಹೋಯಿತು ಅಂದುಕೊಂಡಿದ್ದೆ.

ಮೊನ್ನೆ ನಾಲ್ಕನೇ ದಿನದ ಬೆಂಕಿ. "ಬಾರ್ಲಾ, ಎಷ್ಟು ಡಿಗ್ರಿ ಅದೆ ನೋಡು," ಅಂದ. ಹೋಗಿ ಅವನ ಎಡಗಡೆ ನಿಂತೆ. ಕಿಟಕಿಯ ಗಾಜಿಗೆ ಮಸಿ ಹಿಡಿದಿತ್ತು. ಒರೆಸೋಣ ಅಂತ ಕೈ ಎತ್ತಿದೆ.

ಅಣ್ಣ ಎರಡೂ ತೋಳಿನಲ್ಲಿ ಮುಖ ಮುಚ್ಚಿಕೊಂಡು ಕುಕ್ಕರಿಸಿ ಕೂತುಬಿಟ್ಟ.

"ಗಾಜು ಒರೆಸ್ತಿದ್ದೆ ಅಣ್ಣ," ಅಂದೆ.

"ಊಂ ಕಣ್ಲಾ, ಗೊತ್ತು," ಅಂದ. ತೋಳು ಮಾತ್ರ ಇಳಿಸಲಿಲ್ಲ.

ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಬಗ್ಗಿ ಮಸಿಯ ಸಂದಿಯಲ್ಲಿ ಕಣ್ಣಿಟ್ಟು, ನೂರ ನಲವತ್ತೆರಡು ಅಂತ ಓದಿ ಹೇಳಿದೆ.